ಟಿಕ್ ಒತ್ತುವ ತನಕ ಡಿಸ್ಕು ಅಲುಗದು: ಜಿಪಾರ್ಟೆಡ್ ಹೇಗಿದೆ?

ಹೊಸ ಓಎಸ್ ಹಾಕುವಾಗ ಡೇಟಾ ಕಳೆದುಕೊಳ್ಳುವ ಜಾಗ ಹೆಚ್ಚಾಗಿ ಒಂದೇ, ಡಿಸ್ಕನ್ನು ಭಾಗ ಭಾಗವಾಗಿ ತೋರಿಸುವ ಪಾರ್ಟಿಶನ್ ಪರದೆ. ವಿಂಡೋಸ್ ಸೆಟಪ್‌ನಲ್ಲಿ ಅಲ್ಲಿ ಸಿ, ಡಿ ಅನ್ನೋ ಅಕ್ಷರಗಳೇ ಇರೋದಿಲ್ಲ. ಡಿಸ್ಕ್ 0 ಪಾರ್ಟಿಶನ್ 3, ಡಿಸ್ಕ್ 0 ಪಾರ್ಟಿಶನ್ 4 ಅಂತ ಸಾಲಾಗಿ ನಿಂತಿರುತ್ತವೆ. ಡಿಲೀಟ್ ಒತ್ತಿ ಓಕೆ ಅಂದ ಕ್ಷಣವೇ ಆ ಪಾರ್ಟಿಶನ್ ಹೋಯಿತು. ಸೆಟಪ್ ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದರೂ ಅದು ವಾಪಸ್ ಬರಲ್ಲ.

ಜಿಪಾರ್ಟೆಡ್ ಇಷ್ಟವಾಗೋದು ಇಲ್ಲೇ. ಪಾರ್ಟಿಶನ್ ಕೆಲಸಕ್ಕೆ 2004ರಿಂದ ಇರುವ ಉಚಿತ ತಂತ್ರಾಂಶ. ಲಿನಕ್ಸ್ ಮಿಂಟ್ ಅನ್ನೋ ಓಎಸ್‌ನ ಲೈವ್ ಪೆನ್‌ಡ್ರೈವ್‌ನಲ್ಲಿ (ಡಿಸ್ಕಿಗೆ ಹಾಕದೆ ನೇರ ಓಡುವಂಥದ್ದು) ಮೊದಲೇ ಇರುತ್ತದೆ, ಬೇಕೆಂದರೆ ಜಿಪಾರ್ಟೆಡ್ ಲೈವ್ ಅಂತ ಪ್ರತ್ಯೇಕವಾಗಿಯೂ ಸಿಗುತ್ತದೆ, 2 ಜಿಬಿ ಪೆನ್‌ಡ್ರೈವ್ ಸಾಕು. ತೆರೆದರೆ ಮೇಲೆ ಇಡೀ ಡಿಸ್ಕು ಒಂದು ಉದ್ದನೆ ಪಟ್ಟಿ. ಪ್ರತಿ ಪಾರ್ಟಿಶನ್ನಿಗೂ ಅದರ ಫೈಲ್ ಸಿಸ್ಟಮ್‌ಗೆ ತಕ್ಕ ಬಣ್ಣದ ಅಂಚು, ಒಳಗೆ ತುಂಬಿದಷ್ಟು ಜಾಗ ಹಳದಿ, ಖಾಲಿ ಇದ್ದಷ್ಟು ಬಿಳಿ. ಯಾವುದು ಡೇಟಾ ಇರುವ ಪಾರ್ಟಿಶನ್ ಅಂತ ಹಳದಿ ನೋಡಿದರೇ ಗೊತ್ತಾಗುತ್ತದೆ. ಅಂಚು ಹಿಡಿದು ಎಳೆದು ಚಿಕ್ಕದು ಮಾಡಿ, ಹೊಸದು ಸೇರಿಸಿ, ಬೇಡವಾದ್ದು ಅಳಿಸಿ, ಅದೆಲ್ಲ ಕೆಳಗೆ ಪಟ್ಟಿಯಾಗಿ ಕಾಯುತ್ತಾ ಕೂರುತ್ತದೆ. ಮೇಲಿರುವ ಟಿಕ್ ಗುರುತು ಒತ್ತುವ ತನಕ ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗಲ್ಲ. ಟಿಕ್ ಒತ್ತಿದ ಮೇಲೆ ಮಾತ್ರ ಇದರಲ್ಲೂ ಹಿಂದಕ್ಕೆ ಬರುವ ದಾರಿ ಇಲ್ಲ. ಆ ಪಟ್ಟಿಯನ್ನು ಎರಡು ಸಲ ಓದದೆ ಒತ್ತಬೇಡಿ.

ಪೆನ್‌ಡ್ರೈವ್ ಹಾಕುವ ಮೊದಲು ವಿಂಡೋಸ್ ಒಳಗೇ ಮೂರು ಕೆಲಸ ಮುಗಿಸಿಕೊಳ್ಳಬೇಕು. ದಿಸ್ ಪಿಸಿಯಲ್ಲಿ ಡಿ ಡ್ರೈವ್‌ಗೆ ಲೆಕ್ಕ, ಫೋಟೋ ಅಂತ ಏನಾದರೂ ಹೆಸರು ಕೊಡಿ. ಅಕ್ಷರ ಹೋದರೂ ಹೆಸರು ಉಳಿಯುತ್ತದೆ. ಆಮೇಲೆ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ಸಿಸ್ಟಮ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಜಿಪಾರ್ಟೆಡ್ ಆ ಪಾರ್ಟಿಶನ್ ಪಕ್ಕ ಎಚ್ಚರಿಕೆಯ ತ್ರಿಕೋನ ತೋರಿಸಿ ಸೈಜ್ ಬದಲಿಸಲು ಒಪ್ಪಲ್ಲ. ಒಪ್ಪದಿರುವುದೇ ಸರಿ. ಮೂರನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಎನ್‌ಕ್ರಿಪ್ಷನ್ ಬೀಗ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುವುದು ಸಾಮಾನ್ಯ. ಬಿಟ್‌ಲಾಕರ್ ಪಾರ್ಟಿಶನ್‌ನ ಸೈಜ್ ಬದಲಿಸುವುದು ಜಿಪಾರ್ಟೆಡ್ ಕೈಯಲ್ಲಾಗದು. 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಇನ್ನೊಂದು ಓಎಸ್‌ಗೆ ಜಾಗ ಬಿಡಿಸಲು ಸಿ ಚಿಕ್ಕದು ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೇ ಬಿಡುವುದು ಒಳ್ಳೇದು. 200 ಜಿಬಿ ಖಾಲಿ ಇದ್ದರೂ ಅದು ಕೆಲವೊಮ್ಮೆ ಐದಾರು ಜಿಬಿ ಮಾತ್ರ ಬಿಟ್ಟುಕೊಡುತ್ತದೆ. ಪೇಜ್ ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ನಡುವೆ ಬೇರೂರಿ ಕೂತಿರುತ್ತವೆ, ಅವನ್ನು ವಿಂಡೋಸ್ ತಾನೇ ಜರುಗಿಸಲ್ಲ. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಆಗಲೂ ಸಿಗದಿದ್ದರೆ ಜಿಪಾರ್ಟೆಡ್. ಅದರಿಂದ ಕುಗ್ಗಿಸಿದ ಮೇಲೆ ವಿಂಡೋಸ್ ಮೊದಲ ಸಲ ಏಳುವಾಗ ಡಿಸ್ಕ್ ಚೆಕ್ ಓಡುತ್ತದೆ, ತಡೆಯಬೇಡಿ.

512 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 476 ಅಂತ ಕಾಣುತ್ತದೆ. ಎರಡು ಓಎಸ್ ಬೇಕಾದ ದಾವಣಗೆರೆಯ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಅದರಲ್ಲಿ ವಿಂಡೋಸ್‌ಗೆ 200, ಮಿಂಟ್‌ಗೆ 50ರಿಂದ 60, ಉಳಿದದ್ದು ಎರಡಕ್ಕೂ ಕಾಣುವ ಎನ್‌ಟಿಎಫ್‌ಎಸ್. ಜಿಪಾರ್ಟೆಡ್ ಸೈಜ್ ಕೇಳುವುದು ಎಂಐಬಿಯಲ್ಲಿ (1024 ಸೇರಿದರೆ ವಿಂಡೋಸ್ ತೋರಿಸುವ ಒಂದು ಜಿಬಿ), 50ಕ್ಕೆ 51200 ಅಂತ ಹಾಕಬೇಕು. ಮೊದಲಿಗೇ ಇರುವ, ಸಿಸ್ಟಮ್ ಏಳಲು ಬೇಕಾದ, ಸಾಮಾನ್ಯವಾಗಿ 100 ಎಂಬಿಯ ಇಎಫ್‌ಐ ಪಾರ್ಟಿಶನ್ ಮಿಂಟ್‌ಗೂ ಸಾಲುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಏಳಲ್ಲ. ಪಕ್ಕದಲ್ಲಿ ವಿಂಡೋಸ್ ತನಗೇ ಕಾದಿರಿಸಿಕೊಂಡ 16 ಎಂಬಿಯ ಪಾರ್ಟಿಶನ್ನನ್ನೂ ಮುಟ್ಟಬೇಡಿ.

ಡಿಟಿಪಿ ಅಂಗಡಿಗಳ ಹಳೇ ಸಿಸ್ಟಮ್‌ಗಳ ಕತೆ ಬೇರೆ. ಅಲ್ಲಿ ಎಂಬಿಆರ್ ಅನ್ನೋ ಹಳೇ ಪಾರ್ಟಿಶನ್ ಪದ್ಧತಿಯ ಡಿಸ್ಕ್ ಇದ್ದರೆ ನಾಲ್ಕೇ ಪ್ರೈಮರಿ ಪಾರ್ಟಿಶನ್. ನಾಲ್ಕೂ ತುಂಬಿದ್ದರೆ ಖಾಲಿ ಜಾಗ ಎಷ್ಟಿದ್ದರೂ ಐದನೆಯದು ಹುಟ್ಟಲ್ಲ. ಒಂದರ ಡೇಟಾ ಹೊರಗೆ ತೆಗೆದು, ಅಳಿಸಿ, ಆ ಜಾಗದಲ್ಲಿ ಎಕ್ಸ್‌ಟೆಂಡೆಡ್ ಮಾಡಿ ಒಳಗೆ ಲಾಜಿಕಲ್ ಮಾಡಿಕೊಳ್ಳಬೇಕು. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಈ ತಾಪತ್ರಯ ಇಲ್ಲ.

ನಿಜವಾಗಿ ಹೆದರಬೇಕಾದ್ದು ಎಡ ಅಂಚನ್ನು ಸರಿಸುವಾಗ. ಸಿ ತುಂಬಿದೆ ಅಂತ ಪಕ್ಕದ ಡಿಯನ್ನು ಬಲಕ್ಕೆ ತಳ್ಳಿದರೆ ಡಿಯ ಡೇಟಾ ಎಲ್ಲ ಜಾಗ ಬದಲಿಸಬೇಕು. ಹಳೇ ಹಾರ್ಡ್ ಡಿಸ್ಕಿನಲ್ಲಿ ಸೆಕೆಂಡಿಗೆ 50 ಎಂಬಿ ಸಾಗಿದರೂ 200 ಜಿಬಿಗೆ ಒಂದು ಗಂಟೆಗೂ ಮೇಲೆ. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಮುಂಗಾರು ಪೂರ್ವದ ಗಾಳಿ ಗುಡುಗಿನ ಸಂಜೆ ದಾವಣಗೆರೆಯಲ್ಲಿ ಈ ಕೆಲಸ ಶುರು ಮಾಡಲೇಬೇಡಿ. ಡೆಸ್ಕ್‌ಟಾಪ್‌ಗೆ ಮಾಮೂಲಿ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕೆ ಕೈ ಎತ್ತುತ್ತದೆ. ಇಲ್ಲಿ ಡಿಯನ್ನು ಪೂರ್ತಿ ಬೇರೆ ಡಿಸ್ಕಿಗೆ ನಕಲು ಮಾಡಿ, ಅಳಿಸಿ, ಹೊಸದಾಗಿ ಮಾಡುವುದೇ ಕ್ಷೇಮ.

ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್‌ಗೆ ಡಿಸ್ಕೇ ಕಾಣದಿದ್ದರೆ ಡಿಸ್ಕು ಹೋಗಿದೆ ಅಂದುಕೊಳ್ಳಬೇಡಿ. ಬಯಾಸ್‌ನಲ್ಲಿ ವಿಎಂಡಿ ಅನ್ನೋ ಇಂಟೆಲ್‌ನ ಡಿಸ್ಕ್ ನಿಯಂತ್ರಣದ ಸೆಟ್ಟಿಂಗ್ ಆನ್ ಇರಬಹುದು, ಅದಕ್ಕೆ ಬೇಕಾದ ಡ್ರೈವರ್ ಸೆಟಪ್‌ನಲ್ಲಿ ಇರುವುದಿಲ್ಲ. ವಿಂಡೋಸ್ ಉಳಿಸಿಕೊಳ್ಳಬೇಕಿದ್ದರೆ ಅದನ್ನು ಸುಮ್ಮನೆ ಆಫ್ ಮಾಡಬೇಡಿ, ಇರುವ ವಿಂಡೋಸ್ ಏಳದೆ ಹೋಗಬಹುದು. ಹೊಸದಾಗಿ ವಿಂಡೋಸ್ ಹಾಕುವುದಾದರೆ ಸೆಟಪ್‌ನಲ್ಲೇ ಲೋಡ್ ಡ್ರೈವರ್ ಒತ್ತಿ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಕೊಡಿ.

ಮಂಡಿಪೇಟೆಯ ವ್ಯಾಪಾರದವರು ಸಿಸ್ಟಮ್ ರಿಪೇರಿಗೆ ಕೊಡುವಾಗ ಹೇಳುವ ಮಾತು ಒಂದೇ: ಸಿ ಮಾತ್ರ ಫಾರ್ಮ್ಯಾಟ್ ಮಾಡಿ, ಡಿ ಮುಟ್ಟಬೇಡಿ. ಆದರೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಪ್ರೈಮ್‌ನ ಕಂಪನಿ ಡೇಟಾ ಬೇರೆ ಕಡೆ ಇಡದಿದ್ದರೆ ಸಿ ಒಳಗೆ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಅನ್ನೋ ಫೋಲ್ಡರಿನಲ್ಲಿರುತ್ತದೆ. ಡೆಸ್ಕ್‌ಟಾಪ್ ಮೇಲಿಟ್ಟ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳೂ ಸಿಯಲ್ಲೇ. ಆ ಫೋಲ್ಡರನ್ನೂ ಫೈಲುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಸಿಸ್ಟಮ್‌ನಲ್ಲಿ ತೆರೆದು ಕಳೆದ ತಿಂಗಳ ಬಿಲ್ ಕಾಣುತ್ತದಾ ನೋಡಿ. ಕಂಡ ಮೇಲೆ ಫಾರ್ಮ್ಯಾಟ್‌ಗೆ ಕೊಡಿ.