ತಲೆಹೊಟ್ಟಿನ ಶಾಂಪೂಗಳು: ಬಳಸಿ ನೋಡಿದ ಮೇಲೆ ಒಂದು ಹೋಲಿಕೆ

ತಲೆಹೊಟ್ಟಿನ ಶಾಂಪೂಗಳ ವಿಷಯ ಬಂದಾಗ ಹೆಚ್ಚಿನವರು ಕೇಳುವುದು ಯಾವುದು ಬೇಗ ಹೊಟ್ಟನ್ನು ತೆಗೆಯುತ್ತದೆ ಎಂದು. ಹಲವು ವರ್ಷಗಳಿಂದ ಸೆಬೊರಿಕ್ ಡರ್ಮಟೈಟಿಸ್ ಎಂಬ, ಉರಿಯೂತದಿಂದ ಕೂಡಿದ ತಲೆಹೊಟ್ಟಿನ ರೋಗದೊಂದಿಗೆ ಬದುಕುತ್ತಿರುವ ನನಗೆ ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಎನಿಸಿದೆ. ಚೆನ್ನಾಗಿ ಉಜ್ಜಿ ತೊಳೆದರೆ ಯಾವ ಸಾಮಾನ್ಯ ಶಾಂಪೂವಾದರೂ ಒಂದೆರಡು ದಿನ ಹೊಟ್ಟು ಕಾಣದಂತೆ ಮಾಡಿಬಿಡುತ್ತದೆ. ಬಳಕೆ ನಿಲ್ಲಿಸಿದ ಮೇಲೆ ತುರಿಕೆಯೂ ಪೊರೆಯೂ ಎಷ್ಟು ತಡವಾಗಿ ಮರಳುತ್ತವೆ ಎಂಬುದನ್ನು ಗಮನಿಸಿದಾಗ ಮಾತ್ರ ಒಂದು ಔಷಧಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಾಣತೊಡಗುತ್ತದೆ. ಆದ್ದರಿಂದ ಇಲ್ಲಿ ಅದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿದ್ದೇನೆ. ನೆತ್ತಿಯಲ್ಲಿ ಹಳದಿ ಬಣ್ಣದ ಜಿಡ್ಡು ಪೊರೆ, ಅದರ ಕೆಳಗೆ ಕೆಂಪು, ಹುಬ್ಬಿನಲ್ಲಿಯೂ ಮೂಗಿನ ಅಂಚಿನಲ್ಲಿಯೂ ಅದೇ ಬಗೆಯ ಸಿಪ್ಪೆ: ಇದು ನನ್ನ ತೊಂದರೆಯ ಸ್ವರೂಪ. ಚರ್ಮರೋಗ ತಜ್ಞರು ಪರೀಕ್ಷಿಸಿ ಇದೇ ರೋಗವೆಂದು ಹೇಳಿದ ಬಳಿಕವೇ ಈ ಹೋಲಿಕೆಗೆ ಅರ್ಥ ಬಂದದ್ದು ಎಂಬುದನ್ನೂ ಸೇರಿಸಬೇಕು.

ಮೊದಲು ಕಾರಣವನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನ ಮಾತುಗಳು ಬರಿಯ ಇಷ್ಟಾನಿಷ್ಟಗಳಾಗಿ ಉಳಿಯುತ್ತವೆ. 1874ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಶಾರ್ಲ್ ಮಲಾಸೆ ವಿವರಿಸಿದ, ಅನಂತರ ಅವರ ಹೆಸರನ್ನೇ ಪಡೆದ ಮಲಸೇಜಿಯ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಬಹುತೇಕ ಎಲ್ಲ ವಯಸ್ಕರ ನೆತ್ತಿಯ ಮೇಲೂ ಇರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡನ್ನು ಲೈಪೇಸ್ ಕಿಣ್ವದಿಂದ ಒಡೆದು, ತನಗೆ ಹಿಡಿಸುವ ಸಂತೃಪ್ತ ಆಮ್ಲಗಳನ್ನು ಹೀರಿಕೊಂಡು, ಓಲಿಯಿಕ್ ಆಮ್ಲದಂತಹ ಅಸಂತೃಪ್ತ ಆಮ್ಲಗಳನ್ನು ಚರ್ಮದ ಮೇಲೆಯೇ ಬಿಡುತ್ತದೆ. ಕೆಲವರ ಚರ್ಮ ಇದನ್ನು ಸಹಿಸಿಕೊಳ್ಳುತ್ತದೆ; ಇನ್ನು ಕೆಲವರಲ್ಲಿ ಅದು ಉರಿಯೂತವನ್ನು ಎಬ್ಬಿಸಿ, ಚರ್ಮದ ಕೋಶಗಳು ಪೂರ್ತಿ ಬಲಿಯುವ ಮೊದಲೇ ಗುಂಪುಗುಂಪಾಗಿ ಉದುರುವಂತೆ ಮಾಡುತ್ತದೆ. ಅಂದರೆ ಹೊಟ್ಟು ಕೊಳಕಿನ ಗುರುತಲ್ಲ, ಬೇರೊಬ್ಬರಿಂದ ಅಂಟಿದ್ದೂ ಅಲ್ಲ. ಚಿಕಿತ್ಸೆಗೆ ಮೂರು ಕೆಲಸಗಳಿವೆ: ಯೀಸ್ಟನ್ನು ತಗ್ಗಿಸುವುದು, ಕೂಡಿಕೊಂಡ ಪೊರೆಯನ್ನು ಬಿಡಿಸುವುದು, ಉರಿಯೂತವನ್ನು ಇಳಿಸುವುದು. ನಾನು ಬಳಸಿದ ಒಂದೊಂದು ಔಷಧವೂ ಇವುಗಳಲ್ಲಿ ಒಂದನ್ನು ಚೆನ್ನಾಗಿಯೂ ಉಳಿದವನ್ನು ಅರೆಬರೆಯಾಗಿಯೂ ಮಾಡಿತು.

ಕೀಟೋಕೊನಜೋಲ್ ಮತ್ತು ಜಿಂಕ್ ಪೈರಿಥಿಯೋನ್, ಇವೆರಡರ ನಡುವಿನ ಹೋಲಿಕೆಯೇ ಅತ್ಯಂತ ಉಪಯುಕ್ತವಾದದ್ದು. ಶೇಕಡಾ 2ರ ಕೀಟೋಕೊನಜೋಲ್ ಶಾಂಪೂ ಶಿಲೀಂಧ್ರದ ಕೋಶಪೊರೆಗೆ ಅಗತ್ಯವಾದ ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ, ಆಮೇಲೆ ಮರುಕಳಿಸದಂತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಳಸುವುದು ಇದರ ರೂಢಿಯ ಕ್ರಮ. ಮೊದಲ ಕೆಲವು ಸ್ನಾನಗಳಲ್ಲಿ ಇದು ನನಗೆ ದೊಡ್ಡ ಬದಲಾವಣೆಯನ್ನೇನೂ ತೋರಿಸಲಿಲ್ಲ. ತುರಿಕೆ ಇಳಿಯಿತು, ಆದರೆ ಪೊರೆ ಹಾಗೆಯೇ ಇತ್ತು. ಕೆಂಪು ಕರಗಿ ಚರ್ಮ ತನ್ನ ಬಣ್ಣಕ್ಕೆ ಬರಲು ಇನ್ನಷ್ಟು ಕಾಯಬೇಕಾಯಿತು. ಆದರೆ ನಿಲ್ಲಿಸಿದ ಮೇಲೆ ದೊರೆತ ನೆಮ್ಮದಿಯ ಅವಧಿ ಉಳಿದ ಯಾವ ಶಾಂಪೂವಿಗಿಂತಲೂ ದೀರ್ಘವಾಗಿತ್ತು, ಮತ್ತು ನನ್ನ ಅಳತೆಯಲ್ಲಿ ಅದೇ ನಿರ್ಣಾಯಕ. ಇದರ ಮೇಲಿನ ದೂರೆಂದರೆ ಕೂದಲು ಒರಟಾಗುವುದು. ಕೀಟೋಕೊನಜೋಲ್ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾಗಬಹುದೆಂಬ ಕಾರಣಕ್ಕೆ 2013ರಲ್ಲಿ ಯುರೋಪ್ ಮತ್ತು ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಕ್ರಮ ಕೈಗೊಂಡ ಸುದ್ದಿಯನ್ನು ಓದಿ ಶಾಂಪೂವಿಗೂ ಹೆದರುವವರಿದ್ದಾರೆ. ಹಚ್ಚಿ ತೊಳೆಯುವ ಶಾಂಪೂವಿನಿಂದ ರಕ್ತಕ್ಕೆ ಸೇರುವ ಪ್ರಮಾಣ ಗಣನೆಗೆ ಬಾರದಷ್ಟು ಕಡಿಮೆಯಾದ್ದರಿಂದ ಆ ಹೆದರಿಕೆಯನ್ನು ಇಲ್ಲಿಗೆ ಎಳೆದುತರಬೇಕಾಗಿಲ್ಲ.

ಜಿಂಕ್ ಪೈರಿಥಿಯೋನ್ ಹೆಚ್ಚು ಸೌಮ್ಯ. 1960ರ ದಶಕದಿಂದ ಬಳಕೆಯಲ್ಲಿರುವ ಈ ವಸ್ತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮತ್ತು ಅದರ ಗುಣ ಇರುವುದೇ ಅಲ್ಲಿ: ನೊರೆ ತೊಳೆದು ಹೋದ ಮೇಲೂ ಸೂಕ್ಷ್ಮ ಕಣಗಳು ನೆತ್ತಿಯ ಮೇಲೆ ಉಳಿದು ಕೆಲಸ ಮುಂದುವರಿಸುತ್ತವೆ. ಕೂದಲು ಮೃದುವಾಗಿಯೇ ಉಳಿಯುವುದರಿಂದ ಆಗಾಗ ಬಳಸಲು ಬೇಸರವಾಗುವುದಿಲ್ಲ. ಕೆಂಪಿಲ್ಲದ, ಬರಿಯ ಪುಡಿಯಂತಹ ಹೊಟ್ಟಿಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಉರಿಯೂತವಿದ್ದ ಕಾಲದಲ್ಲಿ ಮಾತ್ರ ಇದು ಸೋತಿತು. ಬಳಸುವಷ್ಟು ದಿನ ಹತೋಟಿ, ಬಿಟ್ಟ ವಾರದೊಳಗೆ ಮತ್ತೆ ತುರಿಕೆ. 2022ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಿಗೆ ಇದನ್ನು ಸೇರಿಸುವಂತಿಲ್ಲ. ಅಲ್ಲಿನ ಹಲವು ಶಾಂಪೂಗಳು ಇದರ ಜಾಗಕ್ಕೆ ಪಿರೊಕ್ಟೋನ್ ಒಲಮೀನ್ ಎಂಬ ಬೇರೊಂದು ಶಿಲೀಂಧ್ರನಾಶಕವನ್ನು ತಂದುಕೊಂಡಿವೆ. ಹಾಗಾಗಿ ಒಂದೇ ಹೆಸರಿನ ಶಾಂಪೂವಿನಲ್ಲಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಔಷಧವಿರುವುದು ಸಾಧ್ಯ. ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವುದು ಈ ಕಾರಣಕ್ಕೂ ಒಳ್ಳೆಯದು.

ಇವೆರಡನ್ನೂ ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಔಷಧಯುಕ್ತ ಶಾಂಪೂ ಕೆಲಸ ಮಾಡಬೇಕಾದದ್ದು ಚರ್ಮದ ಮೇಲೆ, ಕೂದಲಿನ ಮೇಲಲ್ಲ. ಬೆರಳ ತುದಿಗಳಿಂದ ಕೂದಲಿನ ಬುಡಕ್ಕೆ ತಲುಪಿಸಿ ಮೂರರಿಂದ ಐದು ನಿಮಿಷ ಹಾಗೆಯೇ ಬಿಡದೆ ಕೂಡಲೇ ತೊಳೆದವರು ಯಾವ ಶಾಂಪೂವನ್ನೂ ನಿಜವಾಗಿ ಪರೀಕ್ಷಿಸಿದಂತಾಗುವುದಿಲ್ಲ. ಎರಡು ಬ್ರಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಈ ಕೆಲವು ನಿಮಿಷಗಳ ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿದೆ.

ಸೆಲೆನಿಯಂ ಸಲ್ಫೈಡ್ ಮತ್ತು ಕೋಲ್ ಟಾರ್ ಇನ್ನೊಂದು ಜೋಡಿ. ಸೆಲೆನಿಯಂ ಸಲ್ಫೈಡ್ ಯೀಸ್ಟನ್ನು ತಗ್ಗಿಸುವುದರ ಜೊತೆಗೆ ಚರ್ಮದ ಕೋಶಗಳು ಬೆಳೆದು ಉದುರುವ ವೇಗವನ್ನೂ ಇಳಿಸುತ್ತದೆ. ಶೇಕಡಾ 1 ಮತ್ತು 2.5ರ ಪ್ರಮಾಣಗಳಲ್ಲಿ ದೊರೆಯುತ್ತದೆ. ಪರಿಣಾಮದಲ್ಲಿ ಇದನ್ನು ಕೀಟೋಕೊನಜೋಲ್‌ನ ಪಕ್ಕದಲ್ಲೇ ಇಡುತ್ತೇನೆ, ಪೊರೆಯನ್ನು ಬಿಡಿಸುವುದರಲ್ಲಿ ಒಂದು ಹೆಜ್ಜೆ ಮುಂದೆ ಎಂದೂ ಹೇಳಬಹುದು. ಆದರೆ ಅದರ ಗಂಧಕದ ವಾಸನೆ ಸ್ನಾನ ಮುಗಿದ ಮೇಲೂ ಉಳಿಯುತ್ತದೆ, ಮರುದಿನ ಕೂದಲಿನಲ್ಲಿ ವಿಚಿತ್ರವಾದ ಜಿಡ್ಡು ಕಾಣಿಸುತ್ತದೆ, ಬಣ್ಣ ಹಚ್ಚಿದ ಅಥವಾ ನೆರೆತ ಕೂದಲಿನ ಬಣ್ಣ ಬದಲಾಗುವ ಸಂಭವವೂ ಇದೆ. ಬಳಸುವ ಮುನ್ನ ಆಭರಣಗಳನ್ನು ತೆಗೆದಿಡುವುದು ಲೇಸು. ಕೋಲ್ ಟಾರ್ ಬಹಳ ಹಳೆಯ ಔಷಧ. ಕೋಶವಿಭಜನೆಯನ್ನು ನಿಧಾನಗೊಳಿಸಿ ತುರಿಕೆಯನ್ನು ಇಳಿಸುವುದರಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ, ಆ ರಾತ್ರಿಯೇ ನಿದ್ದೆ ಬರುತ್ತದೆ. ಆದರೆ ಯೀಸ್ಟಿನ ಮೇಲೆ ಅದರ ಹಿಡಿತ ಸಡಿಲ, ದಿಂಬಿನ ಬಟ್ಟೆಗೆ ಕಲೆ, ಮೂಗಿಗೆ ಡಾಂಬರಿನ ವಾಸನೆ. ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುವುದರಿಂದ ಹಚ್ಚಿದ ಮೇಲೆ ತಲೆಯನ್ನು ಮುಚ್ಚಿಕೊಂಡು ತಿರುಗಬೇಕು. ದಪ್ಪ ಪೊರೆಯ ಸೋರಿಯಾಸಿಸ್ ಇರುವವರಿಗೆ ಇವೆಲ್ಲವನ್ನೂ ಸಹಿಸಿಕೊಳ್ಳಲು ಕಾರಣವಿದೆ. ನನ್ನಂತಹ ತೊಂದರೆಗೆ ಅಷ್ಟು ಕಷ್ಟಪಡುವ ಅಗತ್ಯ ಕಾಣಲಿಲ್ಲ.

ಸ್ಯಾಲಿಸಿಲಿಕ್ ಆಮ್ಲವನ್ನು ಸ್ಪರ್ಧಿಯೆಂದು ಎಣಿಸುವುದೇ ಸರಿಯಲ್ಲ. ಶೇಕಡಾ 3ರವರೆಗಿನ ಪ್ರಮಾಣದಲ್ಲಿ ಅದು ಒಣಗಿ ಅಂಟಿಕೊಂಡ ಪೊರೆಯನ್ನು ಮೆದುಗೊಳಿಸಿ ಎಬ್ಬಿಸುತ್ತದೆ, ಯೀಸ್ಟನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಪೊರೆ ದಪ್ಪವಾಗಿರುವಾಗ ಶಿಲೀಂಧ್ರನಾಶಕ ಅದರ ಕೆಳಗಿಳಿಯಲಾರದು. ಅಂಥ ವೇಳೆ ಮೊದಲು ಇದನ್ನು ಬಳಸಿ, ಆಮೇಲೆ ಕೀಟೋಕೊನಜೋಲ್‌ಗೆ ಬಂದಾಗ ಎರಡನೆಯದು ಹೆಚ್ಚು ಚುರುಕಾಗಿ ಕೆಲಸ ಮಾಡಿತು. ಗದ್ದೆಯ ಕಳೆ ಕೀಳದೆ ಗೊಬ್ಬರ ಚೆಲ್ಲಿದಂತೆ, ಪೊರೆ ಬಿಡಿಸದೆ ಔಷಧ ಹಚ್ಚಿದರೆ ಅದು ತಲುಪಬೇಕಾದ ಜಾಗಕ್ಕೆ ತಲುಪುವುದಿಲ್ಲ.

ಎಣ್ಣೆಯ ವಿಷಯದಲ್ಲಿ ನನ್ನ ನಿಲುವು ಹಲವರಿಗೆ ಹಿಡಿಸದಿರಬಹುದು. ನೆತ್ತಿ ಒಣಗಿದೆ, ಅದಕ್ಕೇ ಹೊಟ್ಟು ಎಂದು ಭಾವಿಸಿ ಎಣ್ಣೆ ಹಚ್ಚಿದರೆ ಪೊರೆ ಕೂದಲಿಗೆ ಅಂಟಿಕೊಂಡು ಕಣ್ಣಿಗೆ ಕಾಣದಂತಾಗುತ್ತದೆ, ಮತ್ತು ಅದನ್ನೇ ಗುಣವೆಂದು ತಿಳಿಯುತ್ತೇವೆ. ಮಲಸೇಜಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸುವಾಗ ಅದಕ್ಕೆ ಆಹಾರವಾಗಿ ಆಲಿವ್ ಎಣ್ಣೆಯನ್ನು ಕೊಡುವ ಪದ್ಧತಿ ಇದೆ ಎಂಬುದನ್ನು ಅರಿತ ಮೇಲೆ, ಅದೇ ಎಣ್ಣೆಯನ್ನು ರಾತ್ರಿಯಿಡೀ ನೆತ್ತಿಯ ಮೇಲೆ ಬಿಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪೊರೆಯನ್ನು ಸಡಿಲಿಸಲೇಬೇಕಿದ್ದರೆ ಲಿಕ್ವಿಡ್ ಪ್ಯಾರಾಫಿನ್ ಮೇಲು, ಏಕೆಂದರೆ ಅದರಲ್ಲಿ ಯೀಸ್ಟಿಗೆ ಬೇಕಾದ ಕೊಬ್ಬಿನಾಮ್ಲಗಳಿಲ್ಲ. ನಿಂಬೆರಸ, ವಿನೆಗರ್‌ಗಳು ಕೆರೆದು ಗಾಯವಾದ ಚರ್ಮಕ್ಕೆ ಉರಿಯನ್ನಷ್ಟೇ ಕೊಟ್ಟವು.

ಸ್ಟೀರಾಯ್ಡ್ ಲೋಷನ್ ವೇಗದ ಲೆಕ್ಕದಲ್ಲಿ ಎಲ್ಲವನ್ನೂ ಹಿಂದಿಕ್ಕುತ್ತದೆ. ವೈದ್ಯರು ಬರೆದುಕೊಟ್ಟ ಬೀಟಾಮೆಥಾಸೋನ್ ಕೆಲವೇ ದಿನಗಳಲ್ಲಿ ಕೆಂಪನ್ನೂ ತುರಿಕೆಯನ್ನೂ ಅಳಿಸಿಬಿಟ್ಟಿತು. ಬೇಗ ಗುಣವಾಗುವುದೇ ಅಳತೆಯಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆಯೇ ಹೊರತು ಯೀಸ್ಟನ್ನು ಕಡಿಮೆ ಮಾಡುವುದಿಲ್ಲ. ಒಂದನ್ನೇ ಬಳಸಿ ನಿಲ್ಲಿಸಿದಾಗ ರೋಗ ಬೇಗನೆ ಮರಳಿತು. ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಉರಿಯೂತ ತೀವ್ರವಾಗಿದ್ದಾಗ ವೈದ್ಯರು ಹೇಳಿದಷ್ಟು ಕಡಿಮೆ ಅವಧಿಗೆ, ಶಿಲೀಂಧ್ರನಾಶಕದ ಜೊತೆಯಲ್ಲಿ ಬಳಸುವುದಷ್ಟೇ ಇದಕ್ಕೆ ತಕ್ಕ ಸ್ಥಾನ. ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಮತ್ತೆ ಕೊಳ್ಳುವ ಔಷಧ ಇದಲ್ಲ.

ಸದ್ಯ ನನ್ನ ಬಳಿ ಉಳಿದಿರುವುದು ಎರಡೇ: ಹದಿನೈದು ದಿನಕ್ಕೊಮ್ಮೆ ಕೀಟೋಕೊನಜೋಲ್, ನಡುವಿನ ಸ್ನಾನಗಳಿಗೆ ಜಿಂಕ್ ಪೈರಿಥಿಯೋನ್. ಚಳಿ ಹೆಚ್ಚಿದಾಗ, ನಿದ್ದೆಗೆಟ್ಟು ಆಯಾಸವಾದಾಗ ಮೊದಲನೆಯದನ್ನು ವಾರಕ್ಕೊಮ್ಮೆಗೆ ಏರಿಸುತ್ತೇನೆ. ಪೂರ್ತಿ ವಾಸಿಯಾಗುವ ರೋಗ ಇದಲ್ಲವಾದ್ದರಿಂದ ಬಳಕೆಯ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋಗುವುದೇ ಗೆಲುವು.

ಈ ಹೋಲಿಕೆ ಅನ್ವಯಿಸದ ತೊಂದರೆಗಳೂ ನೆತ್ತಿಯ ಮೇಲೆಯೇ ಕಾಣಿಸಿಕೊಳ್ಳುತ್ತವೆ. ಅಂಚು ಸ್ಪಷ್ಟವಾಗಿ ಗೆರೆ ಕೊರೆದಂತಿದ್ದು, ಬೆಳ್ಳಿಯ ಬಣ್ಣದ ದಪ್ಪ ಪೊರೆ ಕೂದಲಿನ ಗಡಿ ದಾಟಿ ಹಣೆಗೆ ಇಳಿದಿದ್ದರೆ, ಉಗುರುಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅದು ಸೋರಿಯಾಸಿಸ್ ಇರಬಹುದು. ಶಿಲೀಂಧ್ರನಾಶಕ ಶಾಂಪೂ ಅಲ್ಲಿ ಹೆಚ್ಚು ಸಹಾಯಕ್ಕೆ ಬಾರದು. ಕೂದಲಿನ ಬುಡದಲ್ಲಿ ಕೀವುಗುಳ್ಳೆಗಳೆದ್ದರೆ ಹೆಚ್ಚಾಗಿ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯ ಕಾರಣ. ಕೂದಲಿಗೆ ಬಣ್ಣ ಹಚ್ಚಿದ ಒಂದೆರಡು ದಿನಗಳಲ್ಲಿ ಕಿವಿ, ಹಣೆ, ಕತ್ತುಗಳಲ್ಲಿ ಊತವೂ ತುರಿಕೆಯೂ ಬಂದರೆ ಪ್ಯಾರಾಫೀನೈಲೀನ್‌ಡಯಮೀನ್ ಎಂಬ ರಾಸಾಯನಿಕದ ಅಲರ್ಜಿಯನ್ನು ಸಂಶಯಿಸಬೇಕು. ಬೆರಳಿನಿಂದ ಸರಿಸಿದರೆ ಹೊಟ್ಟು ಜಾರುತ್ತದೆ, ಹೇನಿನ ಸೀರು ಕೂದಲಿಗೆ ಕಚ್ಚಿಕೊಂಡಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಬೇರ್ಪಡಿಸಬೇಕಾದದ್ದು ನೆತ್ತಿಯ ಹುಳುಕಡ್ಡಿ. ಹೆಚ್ಚಾಗಿ ಮಕ್ಕಳಲ್ಲಿ ಬರುವ ಇದಕ್ಕೆ ಟ್ರೈಕೊಫೈಟಾನ್, ಮೈಕ್ರೊಸ್ಪೋರಂ ಗುಂಪಿನ ಶಿಲೀಂಧ್ರಗಳು ಕಾರಣ. ಇದು ಅಂಟುರೋಗ, ಬಾಚಣಿಗೆ ಮತ್ತು ಟೊಪ್ಪಿಗಳ ಮೂಲಕವೂ ಹರಡುತ್ತದೆ. ಹೊಟ್ಟಿನ ಜೊತೆಗೆ ಕೂದಲು ಮುರಿದು ಕಪ್ಪು ಚುಕ್ಕೆಗಳಂತೆ ಉಳಿದ ಬೋಳು ಮಚ್ಚೆಗಳಿದ್ದರೆ, ಕತ್ತಿನ ಹಿಂಭಾಗದ ಗ್ರಂಥಿಗಳು ಊದಿಕೊಂಡಿದ್ದರೆ ಶಾಂಪೂಗಳ ಆಯ್ಕೆಯಲ್ಲಿ ಕಾಲ ಕಳೆಯಬಾರದು. ಶಿಲೀಂಧ್ರ ಕೂದಲಿನೊಳಗೇ, ಬೇರಿನವರೆಗೂ ಸೇರಿಕೊಳ್ಳುವುದರಿಂದ ಹಚ್ಚುವ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಗ್ರೈಸಿಯೊಫುಲ್ವಿನ್ ಅಥವಾ ಟರ್ಬಿನಫೀನ್‌ನಂತಹ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ಹಲವು ವಾರ ನುಂಗಬೇಕಾಗುತ್ತದೆ. ಶಾಂಪೂ ಬೀಜಕಣಗಳು ಹರಡುವುದನ್ನು ತಗ್ಗಿಸುವಷ್ಟಕ್ಕೆ ಮಾತ್ರ. ಚಿಕಿತ್ಸೆ ತಡವಾದರೆ ಕೀರಿಯಾನ್ ಎಂಬ ಕೀವು ತುಂಬಿದ ಬಾವು ಎದ್ದು, ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದಂತೆ ಕಲೆ ಉಳಿಯಬಹುದು. ರೋಗವನ್ನು ಖಚಿತಪಡಿಸಿಕೊಳ್ಳಲು ವೈದ್ಯರು ಪೊರೆಯನ್ನೂ ಮುರಿದ ಕೂದಲನ್ನೂ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಅದಕ್ಕೆ ಮೊದಲೇ ಕೀಟೋಕೊನಜೋಲ್ ಹಚ್ಚಿದ್ದರೆ ಶಿಲೀಂಧ್ರ ಸಿಗದೆ ಹೋಗುವ ಸಾಧ್ಯತೆ ಇರುವುದರಿಂದ, ಯಾವ ಶಾಂಪೂವನ್ನು ಯಾವಾಗ ಬಳಸಿದ್ದೆವು ಎಂಬುದನ್ನು ಮಾದರಿ ಕೊಡುವ ಮುನ್ನವೇ ಅವರಿಗೆ ತಿಳಿಸಬೇಕು.