ಬಾತು ಬೇಟೆಗೆ ದೋಣಿ ಬೇಕಾ? ನಡೆದು, ಹುಟ್ಟು ಹಾಕಿ, ಮೋಟಾರಲ್ಲಿ ಹೋಗಿ ನೋಡಿದ ಲೆಕ್ಕ

ಬಾತುಕೋಳಿ ಬೇಟೆ ಶುರು ಮಾಡಿ ಒಂದೆರಡು ಸೀಸನ್ ಕಳೆದವರು ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಅಣ್ಣಾ, ದೋಣಿ ತಗೊಂಡ್ರೆ ಏನಾದ್ರೂ ಗಿಟ್ಟುತ್ತಾ?" ಈ ಸಲ ಕೇಳಿದವನು ಸಾಗರದ ಕಡೆಯ ಹುಡುಗ. ಇಲ್ಲೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಕೆಲಸ. ರಾತ್ರಿ ಮೂರಕ್ಕೆ ಎದ್ದು, ನೀರು ಒಳಗೆ ಬಾರದ ಎದೆಮಟ್ಟದ ವೇಡರ್ಸ್ ಏರಿಸಿ, ನಿಜವಾದ ಬಾತುಗಳನ್ನು ಸೆಳೆಯುವ ಪ್ಲಾಸ್ಟಿಕ್ ಬಾತುಗಳ (ಡಿಕಾಯ್) ಚೀಲ ಬೆನ್ನಿಗೆ ಹಾಕಿಕೊಂಡು ಕೆಸರಲ್ಲಿ ನಡೆಯುತ್ತಾನೆ. ಬಿಸಿಲೇರಿದ ಮೇಲೆ ಬರಿಗೈಯಲ್ಲಿ ಕಾರಿಗೆ ಬರುತ್ತಾನೆ. ಬಾತುಗಳೇನೋ ಕಾಣುತ್ತವೆ. ಆದರೆ ಇಳಿಯುವುದೆಲ್ಲ ಜೊಂಡಿನ ಆಚೆ. ಒಂದೋ ದೋಣಿ ಕೊಳ್ಳಬೇಕು, ಇಲ್ಲ ಕೋವಿ ಮಾರಬೇಕು ಅನ್ನುವ ಹಂತಕ್ಕೆ ಬಂದಿದ್ದಾನೆ.

ನಾನು ನಡೆದೂ ಹೋಗಿದ್ದೇನೆ, ಹುಟ್ಟು ಹಾಕುವ ಸಣ್ಣ ದೋಣಿಗಳಾದ ಕಯಾಕ್ ಮತ್ತು ಕನೂನಲ್ಲೂ ಹೋಗಿದ್ದೇನೆ, ಮೋಟಾರು ದೋಣಿಯಲ್ಲೂ ಹೋಗಿದ್ದೇನೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅದಕ್ಕೆ ಮೊದಲು ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಭಾರತದಲ್ಲಿ ಕಾಡುಬಾತು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ ಇದು ಲೆಕ್ಕ ಇಟ್ಟು ಆಡುವ ಬೇಟೆ. ರಾಜ್ಯದ ಲೈಸೆನ್ಸ್ ಬೇಕು. ಜೊತೆಗೆ 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್, ಅಂದರೆ ಕೇಂದ್ರ ಸರ್ಕಾರದ ಬಾತು ಬೇಟೆ ಚೀಟಿ, ಬೇಕು. ಈ ಸ್ಟಾಂಪ್ 1934ರಿಂದ ಇದೆ, ಅದರ ದುಡ್ಡು ಬಹುಪಾಲು ಜೌಗು ಪ್ರದೇಶ ಕೊಂಡು ಕಾಪಾಡುವುದಕ್ಕೇ ಹೋಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಒಬ್ಬರಿಗೆ ದಿನಕ್ಕೆ ಆರು ಬಾತು. ಅದರಲ್ಲಿ ಮಲ್ಲಾರ್ಡ್ ಅನ್ನುವ ಜಾತಿ ನಾಲ್ಕಕ್ಕಿಂತ ಜಾಸ್ತಿ ಇರಬಾರದು, ಆ ನಾಲ್ಕರಲ್ಲಿ ಹೆಣ್ಣು ಎರಡಕ್ಕಿಂತ ಜಾಸ್ತಿ ಇರಬಾರದು. ಕೋವಿಯಲ್ಲಿ ಮೂರೇ ತೋಟಾ. ಸೀಸದ ಚರೆ 1991ರಿಂದ ದೇಶದಾದ್ಯಂತ ನಿಷೇಧ, ಹಾಗಾಗಿ ಉಕ್ಕಿನ ಚರೆ. ಎಚ್-1ಬಿ ವೀಸಾದವರಿಗೆ ಕೋವಿ ಇಟ್ಟುಕೊಳ್ಳಲು ಫೆಡರಲ್ ಕಾನೂನಿನಲ್ಲಿ ಅಡ್ಡಿ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಇದನ್ನು ಮೊದಲು ಸರಿ ಮಾಡಿಕೊಳ್ಳಿ, ದೋಣಿ ಆಮೇಲೆ.

ಈಗ ವಿಷಯಕ್ಕೆ. ಬೇಟೆಯಲ್ಲಿ ಬೇಜಾರಾಗಲು ನಾಲ್ಕೈದು ಕಾರಣ ಇರುತ್ತವೆ. ಬಾತು ಇಲ್ಲದ ಕಡೆ ಕೂರುವುದು. ಬಾತು ಇದ್ದರೂ ಪಕ್ಕದಲ್ಲಿ ಇನ್ನೂ ನಾಲ್ಕು ಜನ ಕೂತಿರುವುದು. ಹತ್ತಿರ ಬಂದ ಬಾತು ನಮ್ಮನ್ನು ನೋಡಿ ತಿರುಗಿಬಿಡುವುದು. ಗುರಿ ತಪ್ಪುವುದು. ಹೊಡೆದದ್ದು ಸಿಗದೇ ಹೋಗುವುದು. ದೋಣಿಯಿಂದ ಸರಿಯಾಗುವುದು ಎರಡೇ: ಜನರಿಂದ ದೂರ ಹೋಗುವುದು, ಬಿದ್ದ ಬಾತನ್ನು ತರುವುದು. ಗುರಿ ತಪ್ಪುವವನಿಗೆ ದೋಣಿಯಿಂದ ಏನೂ ಆಗುವುದಿಲ್ಲ, ಅವನು ಬೇಸಿಗೆಯಲ್ಲಿ ಗಾಳಿಗೆ ಎಸೆದ ಮಣ್ಣಿನ ತಟ್ಟೆ ಹೊಡೆದು ಕಲಿಯಬೇಕು. ಅಡಗಿಕೊಳ್ಳುವ ವಿಷಯದಲ್ಲಂತೂ ದೋಣಿ ತಲೆನೋವು ಜಾಸ್ತಿ ಮಾಡುತ್ತದೆ. ಒಬ್ಬ ಮನುಷ್ಯನನ್ನು ಜೊಂಡಲ್ಲಿ ಮುಚ್ಚುವುದು ಸುಲಭ, ಹದಿನಾಲ್ಕು ಅಡಿ ಅಲ್ಯೂಮಿನಿಯಂ ಮುಚ್ಚುವುದು ಸುಲಭ ಅಲ್ಲ.

ನಡೆದು ಹೋಗುವುದನ್ನು ಜನ ಸುಮ್ನೆ ಕೀಳಾಗಿ ನೋಡುತ್ತಾರೆ. ನನ್ನ ಅನುಭವದಲ್ಲಿ ಸೆಪ್ಟೆಂಬರ್ ಮೊದಲ ವಾರದ ಟೀಲ್ ಬೇಟೆಗೆ ಕಾಲೇ ಸಾಕು. ನೀಲಿರೆಕ್ಕೆಯ ಟೀಲ್ ಸಣ್ಣ ಹಕ್ಕಿ. ಮೊಣಕಾಲುದ್ದದ ನೀರಿಗೂ, ಹೊಲದ ಮೂಲೆಯ ಹೊಂಡಕ್ಕೂ ಇಳಿಯುತ್ತದೆ. ಹೊಂಡ ಸಿಕ್ಕಿದರೆ ದೋಣಿ ಇದ್ದವನಿಗಿಂತ ನಡೆದವನೇ ಮೊದಲು ತಲುಪುತ್ತಾನೆ. ಖರ್ಚೂ ಕಡಿಮೆ. ವೇಡರ್ಸ್, ಆಳ ನೋಡಲು ಒಂದು ಗಟ್ಟಿ ಕೋಲು, ಹತ್ತು ಹನ್ನೆರಡು ಡಿಕಾಯ್, ಅಷ್ಟೇ. ಸಾಮಾನು ಎಳೆಯಲು ಪ್ಲಾಸ್ಟಿಕ್ ಸ್ಲೆಡ್ (ಜಾರುಬಂಡಿ) ಸಿಗುತ್ತದೆ. ಬೆನ್ನಿಗೆ ಆರಾಮ, ಆದರೆ ಒತ್ತು ಜೊಂಡಿನಲ್ಲಿ ಎಳೆಯುವಾಗ ಬೈಗುಳ ತಾನಾಗಿ ಬಾಯಿಗೆ ಬರುತ್ತದೆ.

ತೊಂದರೆ ಅಕ್ಟೋಬರ್‌ನಲ್ಲಿ. ಸಾರ್ವಜನಿಕ ಜಾಗಗಳಲ್ಲಿ ಎಲ್ಲರೂ ಪಾರ್ಕಿಂಗ್‌ನಿಂದ ಕೆಸರಲ್ಲಿ ಸುಸ್ತಾಗದಷ್ಟು ದೂರ ಮಾತ್ರ ನಡೆಯುತ್ತಾರೆ. ಹಾಗಾಗಿ ಎಲ್ಲರೂ ಒಂದೇ ಪಟ್ಟಿಯಲ್ಲಿ ಕೂತಿರುತ್ತಾರೆ. ಮೊದಲ ವಾರಾಂತ್ಯ ಮುಗಿಯುವುದರೊಳಗೆ ಬಾತುಗಳಿಗೆ ಆ ಪಟ್ಟಿ ಗೊತ್ತಾಗಿಬಿಡುತ್ತದೆ. ಇನ್ನೊಂದು ತೊಂದರೆ ನಾಯಿ ಇಲ್ಲದಿರುವುದು. ಹೊಡೆದ ಬಾತು ಎದೆಯಾಳದ ನೀರಿನಾಚೆ ಬಿತ್ತು ಅಂದರೆ ಅದನ್ನು ತರಲು ದಾರಿಯಿಲ್ಲ. ಬಿದ್ದ ಹಕ್ಕಿಯನ್ನು ಹುಡುಕಿ ತರಲು ಸರಿಯಾದ ಪ್ರಯತ್ನ ಮಾಡಲೇಬೇಕು ಅಂತ ಕಾನೂನೂ ಹೇಳುತ್ತದೆ. ಹಾಗಾಗಿ ನಡೆದು ಹೋದಾಗ ಎಷ್ಟೋ ಒಳ್ಳೆ ಅವಕಾಶಗಳನ್ನು, ತರಲಾಗುವುದಿಲ್ಲ ಅಂತಲೇ ಬಿಡಬೇಕಾಗುತ್ತದೆ. ಬಿಡುವುದೇ ಸರಿ ಕೂಡ.

ಕಯಾಕ್‌ಗೆ ಬಂದಾಗ ಈ ಎರಡೂ ಬದಲಾಯಿತು.

ನಾನು ಹೆಚ್ಚಾಗಿ ಹೋಗುವುದು ಹೊರಿಕಾನ್ ಜೌಗಿಗೆ. ಸುಮಾರು 33,000 ಎಕರೆ, ಅಮೆರಿಕದಲ್ಲೇ ಅತಿ ದೊಡ್ಡ ಸಿಹಿನೀರಿನ ಜೊಂಡು ಜೌಗು ಅಂತ ಹೆಸರು. ಉತ್ತರದ ಮೂರನೇ ಎರಡು ಭಾಗ ಫೆಡರಲ್ ರೆಫ್ಯೂಜ್ (ವನ್ಯಜೀವಿ ಧಾಮ), ದಕ್ಷಿಣದ್ದು ರಾಜ್ಯದ ಜಾಗ. 1990ರಲ್ಲಿ ಜಗತ್ತಿನ ಮುಖ್ಯ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ರಂಗನತಿಟ್ಟು ಅದೇ ಪಟ್ಟಿಗೆ ಸೇರಿದ್ದು 2022ರಲ್ಲಿ. ಹೊರಿಕಾನ್ ಮೇಲೆ ಹಾರುವ ಸೂಜಿಬಾಲದ ಬಾತು, ಚಲುಕದ ಬಾತು ಇವೆಲ್ಲ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಜಾತಿಗಳೇ, ಆದರೆ ಅವು ಬರುವುದು ಏಷ್ಯಾದ ಉತ್ತರದಿಂದ. ಇರಲಿ. ಹೊರಿಕಾನ್‌ನಲ್ಲಿ ನೀರು ಆಳವಿಲ್ಲ. ತಳ ಮಾತ್ರ ಮೋಸ. ನೋಡಲು ಮೊಣಕಾಲುದ್ದ, ಕಾಲಿಟ್ಟರೆ ಸೊಂಟದವರೆಗೆ ಕೆಸರು. ನಡೆಯುವವನಿಗೆ ಅದೇ ಗಡಿ. ಕಯಾಕ್‌ಗೆ ಒಂದು ಗೇಣು ನೀರಿದ್ದರೆ ಸಾಕು, ಆ ಗಡಿ ದಾಟಿ ಹೋಗುತ್ತದೆ.

ಇಲ್ಲೇ ನನಗೆ ಒಂದು ವಿಷಯ ಖಾತ್ರಿಯಾಗಿದ್ದು. ದೋಣಿಯ ಬೆಲೆ ಇರುವುದು ಅದರ ವೇಗದಲ್ಲಲ್ಲ, ಅದನ್ನು ಎಲ್ಲಿ ನೀರಿಗಿಳಿಸಬಹುದು ಅನ್ನುವುದರಲ್ಲಿ. ಟ್ರೇಲರ್ ಮೇಲಿನ ದೋಣಿಗೆ ಅದನ್ನು ನೀರಿಗಿಳಿಸುವ ಇಳಿಜಾರಿನ ಕಟ್ಟೆ, ಅಂದರೆ ಲ್ಯಾಂಡಿಂಗ್ ಬೇಕು. ಕಯಾಕ್‌ಗೆ ರಸ್ತೆ ಪಕ್ಕದ ಮೋರಿ ಸಾಕು, ಹೆಗಲ ಮೇಲೆ ಹೊತ್ತು ತರಲು ಒಂದು ಕಾಲುದಾರಿ ಸಾಕು. ಬೀವರ್ ಅನ್ನುವ ಪ್ರಾಣಿ ಕಟ್ಟಿದ ಒಡ್ಡು ಅಡ್ಡ ಬಂದರೆ ಇಳಿದು ಎಳೆದುಕೊಂಡು ದಾಟಬಹುದು. ಅಂದರೆ ನಡೆಯುವವರು ಬರಲಾಗದ, ಮೋಟಾರಿನವರೂ ಬರಲಾಗದ ಒಂದು ಪಟ್ಟಿ ಪ್ರತಿ ಜೌಗಲ್ಲೂ ಇರುತ್ತದೆ. ಗಲಾಟೆಯಿಂದ ಓಡಿದ ಬಾತುಗಳು ಹೋಗಿ ಕೂರುವುದೂ ಅಲ್ಲೇ, ಅಲ್ವಾ?

ಆದರೆ ಕಯಾಕ್‌ನಲ್ಲಿ ಕೂತು ಹೊಡೆಯುವುದು ನನಗೆ ಒಗ್ಗಲಿಲ್ಲ. ಬಲಗೈಯವರಿಗೆ ಕೂತಲ್ಲಿಂದ ಎಡಕ್ಕೆ ಮಾತ್ರ ಕೋವಿ ಸರಾಗವಾಗಿ ತಿರುಗುತ್ತದೆ. ಬಲಕ್ಕೆ ಬಂದ ಬಾತಿಗೆ ಕೈಮುಗಿಯಬೇಕು. ಪಕ್ಕಕ್ಕೆ ಹೊಡೆದಾಗ ಒದೆತಕ್ಕೆ ದೋಣಿ ಹೊಯ್ದಾಡುತ್ತದೆ. ಹಾಗಾಗಿ ನಾನು ಕಯಾಕನ್ನು ಸಾಗಣೆಗೆ ಮಾತ್ರ ಬಳಸುತ್ತೇನೆ. ತಳ ಗಟ್ಟಿ ಇರುವ ಜಾಗ ನೋಡಿ ಇಳಿದು, ಅದನ್ನು ಜೊಂಡಿನೊಳಗೆ ನುಗ್ಗಿಸಿ, ಮೇಲೆ ಅಲ್ಲಿಯದೇ ಹುಲ್ಲು ಹೊದಿಸಿ, ಪಕ್ಕದಲ್ಲಿ ಒಂದು ಸ್ಟೂಲ್ ಊರಿ ಕೂರುತ್ತೇನೆ. ಗಾಳಿ ಬೆನ್ನಿಗಿರಬೇಕು. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಆಗ ನಮ್ಮ ಮುಂದೆಯೇ ಬರುತ್ತದೆ.

ಬಿದ್ದ ಬಾತು ತರುವ ವಿಷಯದಲ್ಲಿ ಕಯಾಕ್ ಅರ್ಧ ಲ್ಯಾಬ್ರಡಾರ್ ನಾಯಿ ಇದ್ದಂತೆ. ಸತ್ತು ತೇಲುವ ಹಕ್ಕಿಯನ್ನು ಆರಾಮಾಗಿ ಎತ್ತಿಕೊಂಡು ಬರಬಹುದು. ಗಾಯಗೊಂಡು ಮುಳುಗಿ ಈಜುವುದನ್ನು ಹಿಡಿಯಲು ಮಾತ್ರ ನಾಯಿಯೇ ಬೇಕು. ಆದರೂ ನಡೆದು ಹೋಗುತ್ತಿದ್ದ ಕಾಲಕ್ಕೂ ಇದಕ್ಕೂ ಹೋಲಿಸಿದರೆ ಮನಸ್ಸಿಗೆ ಸಮಾಧಾನ ಬಹಳ.

ಕನೂ ಇದಕ್ಕೆ ಅಣ್ಣ. ಇಬ್ಬರು ಕೂರಬಹುದು, ಎರಡು ಚೀಲ ಡಿಕಾಯ್ ಹಿಡಿಯುತ್ತದೆ, ನಾಯಿಯೂ ಹತ್ತಬಹುದು. ಗಾಳಿ ಬಂದರೆ ಮಾತ್ರ ಅದರ ಎತ್ತರದ ಮೂತಿ ನಮ್ಮ ಮಾತು ಕೇಳುವುದಿಲ್ಲ. ಒಬ್ಬನೇ ಹೋಗುವುದಾದರೆ ಕಯಾಕ್, ಜೊತೆಗಾರ ಇದ್ದರೆ ಕನೂ. ವಿಸ್ಕಾನ್ಸಿನ್‌ನಲ್ಲಿ ಹುಟ್ಟು ಹಾಕುವ ದೋಣಿಗೆ ರಿಜಿಸ್ಟ್ರೇಷನ್ ಬೇಡ. ಸಣ್ಣ ಬ್ಯಾಟರಿ ಮೋಟಾರು ಕಟ್ಟಿದರೂ ಬೇಕು, ಅದು ನೆನಪಿರಲಿ. ಹಳೆಯದು ಮುನ್ನೂರು ನಾನೂರು ಡಾಲರಿಗೆ ಸಿಗುತ್ತದೆ.

ಮೋಟಾರು ದೋಣಿಯನ್ನು ನಾನು ಬಳಸಿದ್ದು ಗೆಳೆಯನ ಜೊತೆ, ಲಾ ಕ್ರಾಸ್ ಊರಿನ ಹತ್ತಿರ ಮಿಸಿಸಿಪ್ಪಿ ನದಿಯಲ್ಲಿ. ಹದಿನಾಲ್ಕು ಅಡಿಯ ಚಪ್ಪಟೆ ತಳದ ಜಾನ್ ಬೋಟ್. ಅಲ್ಲಿನ ಮಾತೇ ಬೇರೆ. 1924ರಲ್ಲಿ ಮಾಡಿದ ಅಪ್ಪರ್ ಮಿಸಿಸಿಪ್ಪಿ ರೆಫ್ಯೂಜ್ ನದಿಯುದ್ದಕ್ಕೂ 261 ಮೈಲಿ ಇದೆ. ನವೆಂಬರ್‌ನಲ್ಲಿ ಸಣ್ಣ ಜೌಗುಗಳು ಹೆಪ್ಪುಗಟ್ಟಿದ ಮೇಲೆ ಬಾತೆಲ್ಲ ದೊಡ್ಡ ನೀರಿಗೆ ಬರುತ್ತವೆ. ನೀರೊಳಗಿನ ಕಾಡು ಸೆಲರಿಯ ಗೆಡ್ಡೆ ತಿನ್ನಲು ಕ್ಯಾನ್‌ವಾಸ್‌ಬ್ಯಾಕ್ ಬಾತುಗಳು ಸಾವಿರಗಟ್ಟಲೆ ಸೇರುತ್ತವೆ. ಕೋವಿ ಎತ್ತದೆ ಸುಮ್ಮನೆ ನೋಡಿದರೂ ಹೋಗಿದ್ದು ಸಾರ್ಥಕ. ಅಲ್ಲಿಗೆ ಕಯಾಕ್ ತೆಗೆದುಕೊಂಡು ಹೋಗುವುದು ಹುಚ್ಚುತನ. ಅಗಲವಾದ ನೀರು, ಅಲೆ, ಸರಕು ದೋಣಿಗಳ ಓಡಾಟ.

ಆದರೆ ಅದರ ಬೆಲೆ ನೋಡಿ. ಹಳೆಯ ದೋಣಿ, ಟ್ರೇಲರ್, ಮೋಟಾರು ಸೇರಿ ಎರಡು ಮೂರು ಸಾವಿರ ಡಾಲರ್ ಸುಲಭವಾಗಿ ಹೋಗುತ್ತದೆ. ಕೆಸರಲ್ಲೂ ಓಡುವ ಮಡ್ ಮೋಟಾರು ಹೊಸದು ಬೇಕೆಂದರೆ ಅದೊಂದಕ್ಕೇ ಅಷ್ಟಾಗಬಹುದು. ಥಾಯ್ಲೆಂಡ್ ಕಡೆಯ ಉದ್ದ ಬಾಲದ ದೋಣಿಗಳ ಮಾದರಿಯದು ಅದು, ಸದ್ದು ಕೇಳಿದರೆ ಇಡೀ ಕೌಂಟಿ ಎದ್ದು ಕೂರುತ್ತದೆ. ರಿಜಿಸ್ಟ್ರೇಷನ್, ಟ್ರೇಲರ್ ಟಯರು, ಚಳಿಗಾಲದಲ್ಲಿ ಇಡಲು ಜಾಗ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಇರುವವನು ಇದನ್ನು ಎಲ್ಲಿ ನಿಲ್ಲಿಸುತ್ತಾನೆ? ಲ್ಯಾಂಡಿಂಗ್‌ನಲ್ಲಿ ಬೆಳಗಿನ ಜಾವವೇ ಸಾಲು. ಕತ್ತಲಲ್ಲಿ ದೀಪ ಹಾಕಿಕೊಂಡು ಎಲ್ಲರೂ ಹೊರಟು ಕೊನೆಗೆ ಅದೇ ನಾಲ್ಕು ಒಳ್ಳೆಯ ಮೂಲೆಗಳಿಗೆ ಹೋಗುತ್ತಾರೆ. ಪಾರ್ಕಿಂಗ್ ಪಕ್ಕದ ಜನಜಂಗುಳಿಯಿಂದ ತಪ್ಪಿಸಿಕೊಳ್ಳಲು ಇಷ್ಟು ದುಡ್ಡು ಸುರಿದು, ಇನ್ನೊಂದು ಜನಜಂಗುಳಿ ಸೇರಿದ ಹಾಗಾಯಿತು. ನದಿಯಲ್ಲಿ ದಡದಿಂದ ಚಾಚಿದ ಹಳೆಯ ಕಾಲದ ಕಲ್ಲಿನ ಒಡ್ಡುಗಳು (ವಿಂಗ್ ಡ್ಯಾಂ) ನೀರಿನಡಿ ಅಡಗಿವೆ, ದಾರಿ ಗೊತ್ತಿಲ್ಲದವನ ಪ್ರೊಪೆಲರ್ ಉಳಿಯುವುದಿಲ್ಲ.

ನಿಯಮಗಳೂ ಜಾಸ್ತಿ. ಮೋಟಾರು ಓಡುತ್ತಿರುವಾಗ ಹೊಡೆಯುವಂತಿಲ್ಲ. ಮೋಟಾರು ನಿಲ್ಲಿಸಬೇಕು, ದೋಣಿಯ ಓಟವೂ ನಿಂತಿರಬೇಕು. ವಿಸ್ಕಾನ್ಸಿನ್‌ನ ಹೆಚ್ಚಿನ ಕಡೆ ಬಯಲು ನೀರಲ್ಲಿ ನಿಂತು ಬೇಟೆಯಾಡುವ ಹಾಗಿಲ್ಲ, ಜೊಂಡಿನ ಮರೆ ಬೇಕು. ಕೆಲವು ದೊಡ್ಡ ನೀರುಗಳಿಗೆ ಮಾತ್ರ ಬೇರೆ ನಿಯಮ. ಆ ಮರೆಗೆ ದೊಡ್ಡ ದೋಣಿ ಸೇರಿಸುವುದರಲ್ಲೇ ಅರ್ಧ ಬೆಳಗು ಕಳೆಯುತ್ತದೆ.

ಚಳಿ ನೀರಿನ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು. ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಲ್ಲ. ನವೆಂಬರ್‌ನಲ್ಲಿ ನೀರು ನಾಲ್ಕೈದು ಡಿಗ್ರಿಗೆ ಇಳಿದಿರುತ್ತದೆ. ಅದಕ್ಕೆ ಬಿದ್ದವನ ಕೈಬೆರಳು ಕೆಲವೇ ನಿಮಿಷದಲ್ಲಿ ಕೆಲಸ ನಿಲ್ಲಿಸುತ್ತವೆ. ಆಮೇಲೆ ಜಾಕೆಟ್‌ನ ಬಕಲ್ ಹಾಕುವುದು ಸಾಧ್ಯವಿಲ್ಲ. 1940ರ ನವೆಂಬರ್ 11ರಂದು ಇದೇ ಮಿಸಿಸಿಪ್ಪಿಯಲ್ಲಿ ಬೆಳಗ್ಗೆ ಹಿತವಾಗಿದ್ದ ಹವೆ ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿಯಾಯಿತು. ತೆಳ್ಳನೆ ಅಂಗಿಯಲ್ಲಿ ಬಾತು ಬೇಟೆಗೆ ಹೋದವರು ನಡುಗಡ್ಡೆಗಳಲ್ಲಿ ಸಿಕ್ಕಿಬಿದ್ದರು. ಆ ಬಿರುಗಾಳಿಗೆ ಸುತ್ತಲ ರಾಜ್ಯಗಳಲ್ಲಿ 140ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಬಾತು ಬೇಟೆಗಾರರೂ ಹಲವರು. ಇಲ್ಲಿನ ಹಳಬರು ಇವತ್ತಿಗೂ ಅದನ್ನು ಹೇಳಿ ಹೊಸಬರನ್ನು ಗದರಿಸುತ್ತಾರೆ. ನೀರು ಹೆಪ್ಪುಗಟ್ಟಲು ಶುರುವಾದ ಮೇಲೆ ನಾನು ಕಯಾಕ್ ಒಬ್ಬನೇ ಇಳಿಸುವುದಿಲ್ಲ.

ದುಡ್ಡು ಕೊಟ್ಟು ಗೈಡ್ ಜೊತೆ ಹೋಗುವುದೂ ಒಂದು ದಾರಿ. ಒಮ್ಮೆ ಹೋದರೆ ಕಲಿಯುವುದು ಬಹಳ ಇದೆ. ಪ್ರತಿ ವಾರ ಹೋಗಲು ನಮ್ಮ ಜೇಬು ತಡೆಯುವುದಿಲ್ಲ.

ಇನ್ನು ನಮ್ಮ ಹುಡುಗನ ವಿಷಯ. ಅವನಿಗೆ ನಾಯಿ ಇಲ್ಲ, ಟ್ರೇಲರ್ ಎಳೆಯುವ ಗಾಡಿ ಇಲ್ಲ, ಮನೆ ಹೊರಿಕಾನ್‌ನಿಂದ ಒಂದು ಗಂಟೆ ದೂರ. ಗುರಿ ಪರವಾಗಿಲ್ಲ. ಬಾತು ಇಳಿಯುವ ಜಾಗ ಕಣ್ಣಿಗೆ ಕಾಣುತ್ತಿದೆ, ಕಾಲು ಮುಟ್ಟುತ್ತಿಲ್ಲ. ಇಂಥವನಿಗೆ ಹಳೆಯ ಕಯಾಕ್ ಖಂಡಿತ ಲಾಭ. ಅದೇ ಅವನು ಲಾ ಕ್ರಾಸ್‌ನಲ್ಲಿದ್ದು, ಗ್ಯಾರೇಜೂ ಜೊತೆಗಾರನೂ ಇದ್ದಿದ್ದರೆ ಇಬ್ಬರೂ ಸೇರಿ ಜಾನ್ ಬೋಟ್ ತಗೊಳ್ಳಿ ಅನ್ನುತ್ತಿದ್ದೆ. ಬಾತೇ ಕಾಣದ ಜಾಗದಲ್ಲಿ ಕೂತು ಬೇಜಾರಾದವನಿಗೆ ಎರಡೂ ಬೇಡ. ಅವನು ಒಂದೆರಡು ವಾರಾಂತ್ಯ ಕೋವಿ ಮನೆಯಲ್ಲಿಟ್ಟು, ದುರ್ಬೀನು ಹಿಡಿದು, ಸಂಜೆ ಹೊತ್ತು ಬಾತು ಯಾವ ನೀರಿಗೆ ಇಳಿಯುತ್ತದೆ ಅಂತ ರಸ್ತೆಯಿಂದ ನೋಡಲಿ. ಪೆಟ್ರೋಲ್ ಖರ್ಚು ದೋಣಿಗಿಂತ ಎಷ್ಟೋ ಕಡಿಮೆ.

ಕೊಳ್ಳುವುದಾದರೆ ಸೆಪ್ಟೆಂಬರ್‌ನಲ್ಲಿ ಬೇಡ. ಆಗ ಎಲ್ಲರಿಗೂ ದೋಣಿ ಬೇಕು. ಸೀಸನ್ ಮುಗಿದು ಹಿಮ ಬಿದ್ದ ಮೇಲೆ, ನಮ್ಮ ಹಾಗೇ ಬೇಜಾರಾದ ಯಾರೋ ಒಬ್ಬ ಗ್ಯಾರೇಜ್ ಖಾಲಿ ಮಾಡಲು ಕೂತಿರುತ್ತಾನೆ. ಪ್ಲಾಸ್ಟಿಕ್ ಕಯಾಕ್ ಆದರೆ ತಳ ಮಗುಚಿ ನೋಡಿ. ಗೀರು ಇದ್ದರೆ ಪರವಾಗಿಲ್ಲ, ಸೀಟಿನ ಕೆಳಗೆ ಬಿರುಕು ಇರಬಾರದು. ಹಳೆಯ ಅಲ್ಯೂಮಿನಿಯಂ ದೋಣಿ ಆದರೆ ಟ್ರೇಲರ್ ಮೇಲೆ ಇದ್ದ ಹಾಗೇ ಒಳಗೆ ಒಂದಿಷ್ಟು ನೀರು ಬಿಟ್ಟು, ರಿವೆಟ್‌ಗಳಿಂದ ಹೊರಗೆ ಒಸರುತ್ತದಾ ಅಂತ ಬಗ್ಗಿ ನೋಡಿ. ಆಮೇಲೆ ಚೌಕಾಸಿ ಶುರು ಮಾಡಿ.