90 ರೂಪಾಯಿಯ ಪೈಪ್ ಬ್ರಷ್ಷು ಮತ್ತು ನಮ್ಮ ಬಚ್ಚಲ ನೊಣಗಳು

ಈ ಬ್ರಷ್ಷನ್ನು ಕೊಂಡದ್ದು ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಹಾರ್ಡ್‌ವೇರ್ ಅಂಗಡಿಯಲ್ಲಿ. ಬೆಲೆ 90 ರೂಪಾಯಿ. ಎರಡು ಅಡಿ ಉದ್ದದ ಹೆಣೆದ ತಂತಿ, ತುದಿಯಲ್ಲಿ ಒಂದು ಗೇಣು ನೈಲಾನ್ ಕೂದಲು. ಹಾಲಿನ ಬಾಟಲಿ ತೊಳೆಯುವ ಬ್ರಷ್ಷಿನ ದೊಡ್ಡಣ್ಣ ಅಂದುಕೊಳ್ಳಿ. ಎರಡು ತಿಂಗಳು ನಮ್ಮ ನೆಮ್ಮದಿ ಕೆಡಿಸಿದ್ದ ನೊಣಗಳು ಕೊನೆಗೆ ಹೋದದ್ದು ಇದರಿಂದ. ಅದಕ್ಕೂ ಮೊದಲು ಸ್ಪ್ರೇ, ಔಷಧಿ ಅಂತ ಎರಡು ಸಾವಿರದ ಹತ್ತಿರ ಖರ್ಚು ಮಾಡಿದ್ದೆವು.

ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿದ್ದೆವು. ಮಕ್ಕಳ ರಜೆ, ನಾದಿನಿಯ ಮನೆ ಒಕ್ಕಲು, ಎಲ್ಲ ಸೇರಿ ಐದು ವಾರ. ಮಳೆ ಶುರುವಾಗುವ ಹೊತ್ತಿಗೆ ವಾಪಸ್ ಬಂದು ಬಾಗಿಲು ತೆಗೆದರೆ ಬಚ್ಚಲಮನೆಯಿಂದ ಗಟಾರದ ವಾಸನೆ. ಬಿಳಿ ಟೈಲ್ಸ್ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ. ಬೂಷ್ಟು ಹಿಡಿದಿದೆ ಅಂದುಕೊಂಡು ಬಟ್ಟೆ ತಗೊಂಡು ಒರೆಸಲು ಹೋದೆ. ಚುಕ್ಕಿ ಎದ್ದು ಪಕ್ಕದ ಟೈಲ್ಸ್‌ಗೆ ಹಾರಿ ಕೂತಿತು.

ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದೆ. ಎಳ್ಳಿನ ಕಾಳಿನಷ್ಟು ದೊಡ್ಡದು. ಎಲೆಯ ಆಕಾರದ ರೆಕ್ಕೆ, ಮೈತುಂಬ ತುಪ್ಪಟ, ರೆಕ್ಕೆಯ ಅಂಚಿನಲ್ಲಿ ಸಣ್ಣ ಬಿಳಿ ಚುಕ್ಕಿಗಳು. ಥೇಟ್ ಪುಟ್ಟ ಪತಂಗ. ಬೆರಳಿನಲ್ಲಿ ಒತ್ತಿದರೆ ಊದುಬತ್ತಿಯ ಬೂದಿಯಂಥ ಗುರುತು ಉಳಿಯುತ್ತದೆ. ಜಾಸ್ತಿ ದೂರ ಹಾರುವುದಿಲ್ಲ, ಕಚ್ಚುವುದೂ ಇಲ್ಲ. ಬಾಳೆಹಣ್ಣಿನ ಸುತ್ತ ಸುಳಿಯುವ ಕೆಂಪು ಕಣ್ಣಿನ ನುಸಿ ಬೇರೆ, ಇದು ಬೇರೆ. ಅದಕ್ಕೆ ಹಣ್ಣು ಮುಚ್ಚಿಟ್ಟರೆ ಆಯಿತು. ಇದು ಬರುವುದು ಪೈಪಿನೊಳಗಿಂದ.

ಮೊದಲ ವಾರ ಹಾರುವುದನ್ನೇ ಹೊಡೆದೆವು. ಬೆಳಿಗ್ಗೆ ಹತ್ತು ಕೊಂದರೆ ಸಂಜೆ ಹದಿನೈದು. ಮಗಳು ಸ್ನಾನಕ್ಕೆ ಹೋಗುವುದಕ್ಕೇ ಅಳಲು ಶುರು ಮಾಡಿದಳು. ಕೊನೆಗೆ ಕೀಟ ನಿಯಂತ್ರಣದವರನ್ನು ಕರೆಸಿದೆವು. ಹುಡುಗ ಬಂದು ಗೋಡೆಗೆ, ಮೂಲೆಗೆ ಹೊಡೆದು, 1,200 ರೂಪಾಯಿ ತಗೊಂಡು ಹೋದ. ಆವತ್ತು ರಾತ್ರಿ ನೆಲದ ತುಂಬ ಸತ್ತ ನೊಣ. ಐದನೇ ದಿನ ಮತ್ತೆ ಅಷ್ಟೇ ನೊಣ. ಫೋನ್ ಮಾಡಿದರೆ ಇನ್ನೊಂದು ಸಲ ಹೊಡೆಸಿ ಅಂದರು. ಎಲ್ಲಿಂದ ಬರುತ್ತಿವೆ ಅಂತ ಅವರು ಒಂದು ಸಲವೂ ನೀರು ಹೋಗುವ ತೂತಿನ ಜಾಲಿ ಎತ್ತಿ ನೋಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಮನೆಮದ್ದೂ ಆಯಿತು. ಅಡುಗೆ ಸೋಡಾ ಹಾಕಿ ಮೇಲಿಂದ ವಿನೆಗರ್ ಸುರಿದೆ. ನೊರೆ ಚೆನ್ನಾಗಿ ಬಂತು, ನೊಣ ಹೋಗಲಿಲ್ಲ. ಕುದಿಯುವ ನೀರು ಹೊಯ್ದೆ. ಅದು ಲೋಳೆಯ ಮೇಲಿಂದ ಜಾರಿ ಹೋಗುತ್ತದೆ, ಅಷ್ಟೇ. ಪಿವಿಸಿ ಪೈಪಿಗೆ ಕುದಿಯುವ ನೀರು ಒಳ್ಳೆಯದೂ ಅಲ್ಲ, ಮೆತ್ತಗಾಗುತ್ತದೆ. ಬ್ಲೀಚ್ ಕಥೆಯೂ ಅದೇ. ಮೇಲ್ಮೈ ತೊಳೆದುಕೊಂಡು ಕೆಳಗೆ ಹೋಗಿಬಿಡುತ್ತದೆ. ಒಂದು ಮಾತು ದಯವಿಟ್ಟು ಕೇಳಿ: ಬ್ಲೀಚ್ ಹಾಕಿದ ಜಾಗಕ್ಕೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ವಿನೆಗರ್ ಕೂಡ ಬೇಡ. ಕ್ಲೋರಿನ್ ಗಾಳಿ ಏಳುತ್ತದೆ. ಮುಂಬೈಯ ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಹಾರ್ಡ್‌ವೇರ್ ಅಂಗಡಿಗೆ ಹೋದದ್ದು ಸಣ್ಣ ಕಣ್ಣಿನ ಜಾಲಿ ತರಲು. ಅಂಗಡಿಯ ಅಜ್ಜ, ಗುಜರಾತಿನ ಕಛ್ ಕಡೆಯವರು, ನನ್ನ ಮಾತೆಲ್ಲ ಕೇಳಿ, "ಭಾಭಿ, ಜಾಲಿ ಆಮೇಲೆ ಕೊಡ್ತೀನಿ. ಇವತ್ತು ರಾತ್ರಿ ಟೇಪ್ ಹಚ್ಚಿ ನೋಡಿ, ನಾಳೆ ಬನ್ನಿ" ಅಂದರು. ವ್ಯಾಪಾರ ಬಿಟ್ಟು ಹಾಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಟೇಪ್ ಪರೀಕ್ಷೆ ಹೀಗೆ. ರಾತ್ರಿ ಎಲ್ಲರದ್ದೂ ಸ್ನಾನ, ಪಾತ್ರೆ ಮುಗಿದ ಮೇಲೆ ಜಾಲಿಯ ಸುತ್ತ ಒರೆಸಿ ಒಣಗಿಸಬೇಕು. ಪಾರದರ್ಶಕ ಟೇಪನ್ನು ಅಂಟು ಕೆಳಗೆ ಬರುವಂತೆ ಅಡ್ಡಡ್ಡ ಹಚ್ಚಬೇಕು. ಗಾಳಿಯಾಡಲು ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಬೇಕು. ನಾನು ನಾಲ್ಕು ಕಡೆ ಹಚ್ಚಿದೆ: ಬಚ್ಚಲ ನೆಲ, ಅಡುಗೆಮನೆ ಮೋರಿ, ವಾಶ್‌ಬೇಸಿನ್, ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ನೀರು ಹೋಗುವ ತೂತು. ಬೆಳಿಗ್ಗೆ ಬಚ್ಚಲ ಟೇಪಿಗೆ ಹನ್ನೊಂದು ನೊಣ, ಮೋರಿಯದ್ದಕ್ಕೆ ನಾಲ್ಕು. ಉಳಿದ ಎರಡೂ ಖಾಲಿ.

ಮಾರನೇ ದಿನ ಅಜ್ಜ ಕೊಟ್ಟದ್ದೇ ಈ ಬ್ರಷ್ಷು.

ಬಚ್ಚಲ ಜಾಲಿ ತೆಗೆದು, ಕೈಗವಸು ಹಾಕಿ, ಒಳಗೆ ತುರುಕಿ ತಿರುಗಿಸಿದೆ. ಹೊರಗೆ ಎಳೆದಾಗ ಕೂದಲ ತುಂಬ ಕಂದು ಬಣ್ಣದ ಲೋಳೆ ಅಂಟಿಕೊಂಡಿತ್ತು. ಮಂದ ರಾಗಿ ಅಂಬಲಿಯ ಹಾಗೆ, ನಡುನಡುವೆ ತಲೆಕೂದಲು. ಒಂದು ಹಳೇ ತಟ್ಟೆಗೆ ಒರೆಸಿ ಬೆಳಕಿಗೆ ಹಿಡಿದರೆ ಲೋಳೆ ಅಲುಗಾಡುತ್ತಿತ್ತು. ಅಕ್ಕಿ ಕಾಳಿಗಿಂತ ತೆಳು, ಬೂದು ಬಣ್ಣದ ಹುಳಗಳು, ತಲೆ ಕಪ್ಪು. ಬಾಲದ ತುದಿಯಲ್ಲಿರುವ ಸಣ್ಣ ನಳಿಕೆಯಿಂದ ಅವು ಉಸಿರಾಡುತ್ತವೆ. ಹಾಗಾಗಿ ಮೇಲಿಂದ ನೀರು ಸುರಿದರೆ ಅವಕ್ಕೆ ಏನೂ ಆಗುವುದಿಲ್ಲ. ಎರಡು ತಿಂಗಳು ನಾನು ಗೋಡೆ ನೋಡುತ್ತಿದ್ದೆ, ಇವು ಒಂದು ಗೇಣು ಕೆಳಗೆ ಹೊಟ್ಟೆ ತುಂಬ ತಿನ್ನುತ್ತಿದ್ದವು.

ಲೋಳೆ ಅಂದರೆ ಸೋಪು, ಕೊಬ್ಬು, ಕೂದಲು, ಅನ್ನದ ಗಂಜಿ, ಇದರ ಮೇಲೆ ಬೆಳೆದ ಬ್ಯಾಕ್ಟೀರಿಯಾ. ನೊಣ ಮೊಟ್ಟೆ ಇಡುವುದು ಅದರಲ್ಲೇ. ಎರಡು ದಿನಕ್ಕೆ ಮರಿಹುಳ, ಎರಡು ವಾರದೊಳಗೆ ಕೋಶ, ಅಲ್ಲಿಂದ ಒಂದೆರಡು ದಿನಕ್ಕೆ ನೊಣ. ಆ ನೊಣವೂ ಸುಮಾರು ಎರಡು ವಾರ ಬದುಕುತ್ತದೆ. ಅದಕ್ಕೇ ಒಂದು ಸಲ ಉಜ್ಜಿ ಕೈ ತೊಳೆದುಕೊಂಡರೆ ಸಾಲದು. ನಾನು ಮೊದಲ ವಾರ ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ, ಹೀಗೆ ಮೂರು ವಾರ ಉಜ್ಜಿದೆ. ಪ್ರತಿ ಸಲ ಉಜ್ಜಿದ ಮೇಲೆ ಎರಡು ಬಕೆಟ್ ನೀರು ಒಂದೇ ಏಟಿಗೆ ಸುರಿಯುತ್ತಿದ್ದೆ.

ಹತ್ತನೇ ದಿನಕ್ಕೆ ನೊಣ ತುಂಬ ಕಡಿಮೆಯಾದವು. ಆದರೂ ದಿನಾ ಎರಡು ಮೂರು ಕನ್ನಡಿಯ ಮೇಲೆ ಕಾಣುತ್ತಿದ್ದವು. ಮೇಲಿನ ಮಹಡಿಯ ಮರಾಠಿ ಚಿಕ್ಕಮ್ಮ, ನಾವು ಕಾಕು ಅನ್ನುತ್ತೇವೆ, ಬಂದವರು ಬೇಸಿನ್ ತೋರಿಸಿ, "ಈ ತೂತು ಉಜ್ಜಿದೆಯಾ?" ಅಂದರು. ಬೇಸಿನ್ನಿನ ಮೇಲಂಚಿನ ಕೆಳಗೆ, ನೀರು ತುಂಬಿ ಹೊರಗೆ ಚೆಲ್ಲದಿರಲಿ ಅಂತ ಒಂದು ತೂತು ಇರುತ್ತದಲ್ವಾ, ಅದು. ನಾನು ಟೇಪ್ ಹಚ್ಚಿದ್ದು ಕೆಳಗಿನ ತೂತಿಗೆ ಮಾತ್ರ. ದೊಡ್ಡ ಬ್ರಷ್ಷು ಅದರೊಳಗೆ ಹೋಗುವುದಿಲ್ಲ. ಸ್ಟೀಲ್ ಸ್ಟ್ರಾ ತೊಳೆಯುವ ತೆಳು ಬ್ರಷ್ಷು ಹಾಕಿ ಎಳೆದೆ. ಅದೇ ಅಂಬಲಿ. ಮೂರು ದಿನಕ್ಕೆ ಕನ್ನಡಿ ಖಾಲಿಯಾಯಿತು.

ಅಡುಗೆಮನೆ ಮೋರಿಯ ವಿಷಯ ಸ್ವಲ್ಪ ನಾಜೂಕಾಗಿತ್ತು. ಅತ್ತೆಗೆ ದಿನಾ ಕುಚ್ಚಲಕ್ಕಿ ಅನ್ನವೇ ಆಗಬೇಕು. ಬಸಿದ ಗಂಜಿ ತಿಳಿಯನ್ನು ಬಿಸಿಬಿಸಿಯಾಗಿ ಮೋರಿಗೇ ಹೊಯ್ಯುವುದು ಅವರ ರೂಢಿ, ಬಿಸಿಗೆ ಹುಳ ಸಾಯುತ್ತದೆ ಅಂತ. ತಟ್ಟೆಯಲ್ಲಿದ್ದ ಲೋಳೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಹಾಗಾದ್ರೆ ನಾನೇ ಇವಕ್ಕೆ ಊಟ ಹಾಕಿದ್ದಾ ಮಗಾ?" ಅಂದರು. ಈಗ ತಿಳಿಗೆ ಚೂರು ಉಪ್ಪು ಹಾಕಿ ಅವರೇ ಕುಡಿಯುತ್ತಾರೆ. ಜಾಸ್ತಿಯಾದರೆ ಉಪ್ಪು ಹಾಕುವ ಮೊದಲೇ ತೆಗೆದು, ಆರಿಸಿ, ನೀರು ಬೆರೆಸಿ ಕರಿಬೇವಿನ ಕುಂಡಕ್ಕೆ.

ಆಮೇಲೆ ಜಾಲಿಯನ್ನೂ ಕೊಂಡೆ. ಸ್ಟೀಲ್ ಜಾಲಿ, ಕೆಳಗೆ ಸಿಲಿಕೋನ್ ಬಾಲ. ನೀರು ಬಿದ್ದಾಗ ಬಾಲ ತೆರೆಯುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ನೊಣ, ಜಿರಳೆ, ವಾಸನೆ ಮೂರಕ್ಕೂ ತಡೆ. 5 ಇಂಚಿನದ್ದಕ್ಕೆ 260 ರೂಪಾಯಿ. ಬಾಲ್ಕನಿಗೆ ಬಹಳ ಒಳ್ಳೆಯದು. ಬಚ್ಚಲಿಗೆ ಅಷ್ಟಕ್ಕಷ್ಟೇ. ಬಕೆಟ್ ನೀರು ಒಟ್ಟಿಗೆ ಸುರಿದರೆ ತಡೆದು ತಡೆದು ಹೋಗುತ್ತದೆ. ಕೂದಲು ಬಾಲಕ್ಕೆ ಸಿಕ್ಕಿಕೊಂಡರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ವಾರಕ್ಕೊಮ್ಮೆ ತೆಗೆದು ತೊಳೆಯುವ ಮನಸ್ಸಿದ್ದರೆ ಮಾತ್ರ ತಗೊಳ್ಳಿ. ಪೈಪಿನ ಬಾಯಿಯ ಅಳತೆಯನ್ನು ಮನೆಯಲ್ಲೇ ತೆಗೆದುಕೊಂಡು ಹೋಗಿ. ನಾನು 4 ಇಂಚು ಅಂತ ಅಂದಾಜಿಗೆ ತಂದು ಮತ್ತೆ ಬದಲಾಯಿಸಿದೆ.

ಲೋಳೆ ತಿನ್ನುವ ಬ್ಯಾಕ್ಟೀರಿಯಾ ಪುಡಿಯನ್ನೂ ತರಿಸಿ ನೋಡಿದೆ. ಉಜ್ಜಿದ ಮೇಲೆ, ರಾತ್ರಿ ಮಲಗುವ ಮೊದಲು ಹಾಕಿದರೆ ಕೆಲಸ ಮಾಡುತ್ತದೆ, ಆದರೆ ನಿಧಾನ. ಅದರ ಜೊತೆ ಬ್ಲೀಚ್ ಹಾಕಿದರೆ ಪುಡಿಯ ದುಡ್ಡು ದಂಡ, ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಬ್ರಷ್ಷು ಹೋಗದ ಬಾಗಿದ ಪೈಪು ಇದ್ದವರಿಗೆ ಇದು ಬೇಕಾಗಬಹುದು. ಇಷ್ಟೆಲ್ಲ ಮಾಡಿದರೂ ನೊಣ ಬರುತ್ತಿದ್ದರೆ ಟೈಲ್ಸ್ ಸಂದು ಬಿಟ್ಟಿದೆಯಾ, ಕೆಳಗೆ ಪೈಪು ಸೋರುತ್ತಿದೆಯಾ ಅಂತ ಪ್ಲಂಬರಿನ ಹತ್ತಿರ ನೋಡಿಸಿ.

ಊರಿಗೆ ಹೋಗುವವರು ಇದನ್ನು ನೆನಪಿಡಿ. ನೆಲದ ಜಾಲಿಯ ಕೆಳಗೆ ಇಲ್ಲಿ ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದರ ಬಾಗಿನಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು. ಗಟಾರಕ್ಕೂ ನಮ್ಮ ಮನೆಗೂ ನಡುವಿನ ಬಾಗಿಲು ಅದೇ. ಮೇ ಬಿಸಿಲಿಗೆ ಐದು ವಾರದಲ್ಲಿ ಆ ನೀರು ಆರಿಹೋಗಿತ್ತು. ಗಣೇಶನ ಹಬ್ಬಕ್ಕೆ ಎಂಟು ದಿನ ಹೋದಾಗ ಪ್ರತಿ ತೂತಿಗೂ ಒಂದು ತಂಬಿಗೆ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟೆ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆರುವುದಿಲ್ಲ. ಜಾಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒದ್ದೆ ಬಟ್ಟೆ ಹೇರಿದ್ದೆ. ಬಂದಾಗ ವಾಸನೆ ಇರಲಿಲ್ಲ, ಗೋಡೆಯೂ ಬಿಳಿಯಾಗಿತ್ತು.

ಬ್ರಷ್ಷಿನಲ್ಲಿ ಒಂದೇ ಕೊರತೆ, ತಂತಿ ತುಕ್ಕು ಹಿಡಿಯುತ್ತದೆ. ಐದು ತಿಂಗಳಿಗೆ ನೈಲಾನ್ ಕೂದಲೂ ಒಂದು ಕಡೆಗೆ ಮಲಗಿತು. ಮೊನ್ನೆ ಇನ್ನೊಂದು ತಂದೆ, ಈಗ ಬೆಲೆ 100. ಈ ಸಲ ಹಿಡಿಗೆ ಹಳೇ ರಬ್ಬರ್ ಪೈಪಿನ ತುಂಡು ಸಿಕ್ಕಿಸಿದ್ದೇನೆ. ತೊಳೆದ ಮೇಲೆ ಬಾಲ್ಕನಿಯ ಮೊಳೆಗೆ, ಬಿಸಿಲು ಬೀಳುವ ಕಡೆ ನೇತುಹಾಕುತ್ತೇನೆ. ಶನಿವಾರ ಮಧ್ಯಾಹ್ನ ಮಗಳೇ ಅದನ್ನು ಇಳಿಸಿಕೊಂಡು ಬಂದು, "ಅಮ್ಮಾ, ಇವತ್ತು ಬಚ್ಚಲು ನಂದು" ಅನ್ನುತ್ತಾಳೆ.